ಕಡಲೊಳಗಿನ ಕಂಬಳಿ

ನಮ್ಮ ಊರು ಹಾವೇರಿ ಜಿಲ್ಲೆಯಲ್ಲಿ ವರದಾ ನದಿಯ ದಂಡೆಯ ಮೇಲಿದೆ; ಆದರೂ ನಮಗೆ ಈಜು ಬಾರದು. ಹೊಳೆಯ ದಂಡೆಯಲ್ಲಿ ಹುಟ್ಟಿ ಈಜು ಕಲಿಯದವರೆಂದರೆ ಹಾವೇರಿಯಲ್ಲಿ ಹುಟ್ಟಿ ಏಲಕ್ಕಿ ಹಾರ ಕಾಣದವರಂತೆ ಎಂದು ಗೆಳೆಯರು ನಗುವುದುಂಟು. ನಗಲಿ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇವೆ. ಇಂಥ ನಾವು 2024ರ ಡಿಸೆಂಬರಿನಲ್ಲಿ ಅರಬ್ಬೀ ಸಮುದ್ರದ ನಡುವೆ, ನೀರಿನ ಕೆಳಗೆ ಒಂಬತ್ತು ಮೀಟರು ಇಳಿದು, ನಮ್ಮ ಮುಂಬಯಿ ಮನೆಯ ಅಡುಗೆಮನೆಗಿಂತ ಅಗಲವಾದ ಒಂದು ಮೀನನ್ನು ಎದುರುಗೊಂಡು ಬಂದೆವೆಂದರೆ ಓದುಗರು ನಂಬಲಿಕ್ಕಿಲ್ಲ. ನಮ್ಮ ಕಚೇರಿಯಲ್ಲಿಯೂ ಯಾರೂ ನಂಬಲಿಲ್ಲ. ಅದಕ್ಕಾಗಿಯೇ ಈ ಲೇಖನ.

ಸರಕಾರಿ ನೌಕರರಿಗೆ ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವ ಮೂಲೆಗಾದರೂ ಹೋಗಿಬರುವ ಪ್ರವಾಸ ರಿಯಾಯಿತಿ ಉಂಟಷ್ಟೆ. ಪ್ರತಿ ಸಲವೂ ಆ ರಜೆಯನ್ನು ಊರಿನ ಮದುವೆ ಮುಂಜಿಗಳೇ ನುಂಗುತ್ತಿದ್ದವು. ಈ ಸಲ ಹನ್ನೊಂದು ವರ್ಷದ ಮಗಳು ಹಟ ಹಿಡಿದಳು. ಅವಳ ಶಾಲೆಯ ಪುಸ್ತಕದಲ್ಲಿ ಲಕ್ಷದ್ವೀಪದ ಹವಳದ ಚಿತ್ರವೊಂದು ಇತ್ತು; ಅದನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಹಂಬಲ. ನಮ್ಮಾಕೆ ಅವಳ ಪಕ್ಷ ಸೇರಿದರು. ಇಬ್ಬರ ಎದುರು ಒಬ್ಬರ ಮಾತು ನಡೆಯುವುದುಂಟೆ? ಅರ್ಜಿ ಹಾಕಿದೆವು, ಪ್ರವೇಶದ ಪರವಾನಗಿ ಬಂತು, ಹಡಗಿನ ಚೀಟಿಯೂ ಬಂತು.

ಹೊರಡುವ ಹಿಂದಿನ ರಾತ್ರಿ ಅವ್ವ ನಮ್ಮನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ಹೋಗಿ ಬರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ದಂಡಿ ಮ್ಯಾಲ ಕುಂತು ನೋಡ್ರಿ. ನೀನೂ ಇಳೀಬ್ಯಾಡ, ಕೂಸಿನ್ನೂ ಇಳಸಬ್ಯಾಡ. ತಿಳೀತೇನು?" ಎಂದರು. ನಾವು ಹೂಂ ಎಂದೆವು. ಆ ಹೂಂಕಾರ ನಮ್ಮ ಸಾಮಾನುಗಳ ಜೊತೆಗೆ ಇನ್ನೊಂದು ಗಂಟಾಗಿ ಬಂತು.

ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಕೊಚ್ಚಿಗೆ ಹೋದೆವು. ಆ ದಾರಿಯಲ್ಲಿ ಕಾರವಾರ, ಕುಮಟಾ, ಉಡುಪಿ, ಎಲ್ಲ ಬರುತ್ತವೆ. ನಿಲ್ದಾಣದ ಹಲಗೆಗಳ ಮೇಲಿನ ಕನ್ನಡ ಅಕ್ಷರ ಕಂಡಾಗ ಇಳಿಯದೆ ಮುಂದೆ ಹೋಗುವುದು ಎಂಥ ಸಂಕಟವೆಂಬುದನ್ನು ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ತೌರಿನ ಬಾಗಿಲ ಮುಂದೆಯೇ ಬಂಡಿ ಹಾದುಹೋದಂತೆ.

ಕೊಚ್ಚಿಯಿಂದ ಹಡಗು. ನಾವು ಹೋದದ್ದು ಕಡಮತ್ ಎಂಬ ದ್ವೀಪಕ್ಕೆ. ಕೊಚ್ಚಿಯಿಂದ ಸುಮಾರು 400 ಕಿಲೋಮೀಟರು. ಸಂಜೆ ದಡ ಮರೆಯಾದ ಮೇಲೆ ನಮ್ಮಾಕೆಗೂ ಮಗಳಿಗೂ ತಲೆ ಸುತ್ತು ಹತ್ತಿತು. ನಮಗೆ ಹತ್ತಲಿಲ್ಲ; ಲೋಕಲ್ ಗಾಡಿಯ ಬಾಗಿಲಲ್ಲಿ ಹದಿನೈದು ವರ್ಷ ತೂಗಾಡಿದ ಪುಣ್ಯ. ಹಡಗಿನ ಕಟಾಂಜನ ಹಿಡಿದು ಕಪ್ಪು ನೀರನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆವು. ಈ ನೀರಿಗೆ ಇಳಿಯುವ ಪ್ರಶ್ನೆಯೇ ಇಲ್ಲ ಎಂದು ಮನಸ್ಸಿನಲ್ಲಿ ಇನ್ನೊಮ್ಮೆ ಹೂಂಗುಟ್ಟಿದೆವು.

ಬೆಳಗಾದ ಮೇಲೆ ಕಡಮತ್ ಕಂಡಿತು. ನೀರಿನ ಮೇಲೆ ಗೀರಿದ ಒಂದು ಹಸಿರು ಗೆರೆ, ಅಷ್ಟೆ. ಉದ್ದ ಸುಮಾರು ಎಂಟು ಕಿಲೋಮೀಟರು. ಅಗಲ ಎಲ್ಲಿಯೂ ಅರ್ಧ ಕಿಲೋಮೀಟರಿಗೆ ಹೆಚ್ಚೇನೂ ಮೀರದು. ತೆಂಗಿನ ಮರಗಳ ನಡುವೆ ನಿಂತರೆ ಎರಡು ಕಡೆಯ ಕಡಲೂ ಕೇಳುತ್ತದೆ. ಹಡಗು ಆಳದ ನೀರಿನಲ್ಲಿಯೇ ನಿಂತಿತು, ತೂಗುವ ದೋಣಿಗೆ ಇಳಿಯುವಾಗ ನಾವು ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆವೆಂದರೆ, "ಅಪ್ಪ, ನೀವು ನನ್ನ ಹಿಡಿದಿದ್ದೀರೋ, ನನ್ನನ್ನೇ ಹಿಡಿದು ನಿಂತಿದ್ದೀರೋ?" ಎಂದು ಕೇಳಿದಳು.

ಈ ಕಡಮತ್‌ಗೂ ಕನ್ನಡನಾಡಿಗೂ ಒಂದು ಹಳೆಯ ನಂಟಿದೆ. ಇದು, ಮತ್ತು ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದು ಸೇರಿ ಅಮಿನದೀವಿ ದ್ವೀಪಗಳು. 1787ರಲ್ಲಿ ಇವು ಟೀಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕಂಪನಿ ಸರಕಾರದ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಕೊಂಡವು. ಅವುಗಳ ಕಾರಭಾರ ಮಂಗಳೂರಿನಿಂದ ನಡೆಯುತ್ತಿತ್ತು. ದ್ವೀಪದವರು ಓಡಂ ಎಂಬ ಹಾಯಿಹಡಗಿನಲ್ಲಿ ತೆಂಗಿನ ನಾರು, ಕೊಬ್ಬರಿ ಹೇರಿಕೊಂಡು ಮಂಗಳೂರಿಗೆ ಹೋಗಿ ಅಕ್ಕಿ ತರುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತಲ್ಲ, ಅದೇ ದಿನವೇ ಈ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನಾವು ಹೊರನಾಡಿನ ಸಭೆಗಳಲ್ಲಿ ರಾಜ್ಯೋತ್ಸವದ ಬಾವುಟ ಏರಿಸುವ ದಿನ ಅವರಿಗೂ ಉತ್ಸವದ ದಿನವೇ. ದ್ವೀಪಗಳಿಗೆ ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ದಾರಿಯಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ ಒಬ್ಬ ವೃದ್ಧರು ನಾವು ಕನ್ನಡದವರೆಂದು ತಿಳಿದು ಕಣ್ಣರಳಿಸಿ, "ಮಂಗಳೂರು? ಬಂದರು?" ಎಂದು ಕೇಳಿದರು. ತರುಣರಾಗಿದ್ದಾಗ ಅಲ್ಲಿಗೆ ಹೋಗುತ್ತಿದ್ದರಂತೆ. ಅವರಿಗೆ ಉಳಿದ ಕನ್ನಡ ಎರಡೇ ಮಾತು: ಅಕ್ಕಿ, ಬೆಲ್ಲ. ಆ ಎರಡರಲ್ಲಿ ನಮ್ಮ ಅರ್ಧ ಊಟವೇ ಬಂತೆಂದು ಹೇಳಿ ನಕ್ಕೆವು.

ಇಳಿದುಕೊಂಡ ಮರುದಿನ ಮಗಳು ತನ್ನ ಮಾತನ್ನು ಹೊರಗಿಟ್ಟಳು. ದಂಡೆಯಲ್ಲಿ ಸ್ಕೂಬಾ ಕಲಿಸುವವರು ಇದ್ದರು. ಹತ್ತು ತುಂಬಿದ ಮಕ್ಕಳನ್ನೂ ಗುರುವೊಬ್ಬರ ಕೈಯಲ್ಲಿಟ್ಟು ಕೆಳಗೆ ಕರೆದೊಯ್ಯುತ್ತಾರೆ. ಈಜು ಬಾರದಿದ್ದರೂ ನಡೆಯುತ್ತದೆ. ತಂದೆತಾಯಿಯ ರುಜು ಬೇಕು, ಅಷ್ಟೆ. ನಾವು ಅಜ್ಜಿಯ ಮಾತನ್ನು ನೆನಪಿಸಿದೆವು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. "ದೊಡ್ಡಪ್ಪ ಹೊಳೆಯಲ್ಲಿ ಹೋದರು ಅಂತ ನಾನು ಕಡಲು ನೋಡಬಾರದಾ?" ಎಂದಳು.

ಕಾರಣ ಹೇಳುತ್ತೇವೆಂದು ಮಾತು ಕೊಟ್ಟಿದ್ದೆವು. 1992ರ ಮಳೆಗಾಲದಲ್ಲಿ ವರದೆ ತುಂಬಿ ಬಂದಾಗ ನಮ್ಮ ಅಣ್ಣ, ಹನ್ನೆರಡು ವರ್ಷದವನು, ಎಮ್ಮೆಯ ಬೆನ್ನು ಹತ್ತಿ ನೀರಿಗಿಳಿದು ಮರಳಲಿಲ್ಲ. ಮರುದಿನ ಕೆಳಗಿನ ಊರಿನವರು ತಂದು ದಂಡೆಯಲ್ಲಿ ಮಲಗಿಸಿದರು. ಅಪ್ಪ ತಮ್ಮ ಹೆಗಲ ಮೇಲಿನ ಕರಿಯ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದರು. ನಮಗಾಗ ಆರು ವರ್ಷ. ಆ ಕಂಬಳಿಯ ಅಂಚಿನ ಬಿಳಿಯ ಪಟ್ಟಿ ಇಂದಿಗೂ ಕಣ್ಣಿಗೆ ಕಟ್ಟಿದೆ. ಅಂದಿನಿಂದ ಅವ್ವ ಹೊಳೆಯ ಕಡೆ ಕಾಲಿಟ್ಟಿಲ್ಲ, ನಮ್ಮನ್ನೂ ಇಡಗೊಡಲಿಲ್ಲ. ಊರಿಗೆ ಹೋದರೆ ಹೊಳೆಯ ಹಾದಿ ಬಿಟ್ಟು ಸುತ್ತಿನ ಹಾದಿಯಲ್ಲಿ ಗದ್ದೆಗೆ ಹೋಗುವುದು ಮನೆಯ ರೂಢಿಯಾಯಿತು.

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಕೊನೆಗೆ ನಮ್ಮಾಕೆ, "ಹೆದರಿಕೆ ಆಸ್ತಿ ಅಲ್ಲರೀ, ಮಕ್ಕಳಿಗೆ ಬರಕೊಡಾಕ. ಅಕಿ ಹೋಗ್ಲಿ. ನೀವೂ ಅಕಿ ಸಂಗಾಟ ಹೋಗ್ರಿ. ನನಗ ನೆಗಡಿ ಐತಿ, ನಾ ದೋಣಿಯೊಳಗ ಕುಂಡ್ರತೀನಿ," ಎಂದರು. ನೆಗಡಿ ಇದ್ದವರು ಇಳಿಯಬಾರದೆಂಬುದು ಅಲ್ಲಿನ ನಿಯಮವೂ ಹೌದು. ನಮಗೆ ನೆಗಡಿ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನೆಗಡಿಗಾಗಿ ಹಂಬಲಿಸಿದೆವು.

ಮರುದಿನ ಬೆಳಗ್ಗೆ ದಂಡೆಯ ಒಳಗಡಲಿನಲ್ಲಿ ಪಾಠ. ಹವಳದ ಗೋಡೆಯ ಒಳಗಿನ ಆ ನೀರು ಎದೆಮಟ್ಟ, ಹೊಂಡದಷ್ಟೇ ಶಾಂತ. ನಮ್ಮ ಗುರು ಕಡಮತ್‌ನವನೇ ಆದ ಇಪ್ಪತ್ತೈದರ ತರುಣ, ಹಿಂದಿಯಲ್ಲಿ ಹೇಳಿಕೊಟ್ಟ. ಬೆನ್ನಿಗೆ ಕಟ್ಟುವ ಉರುಳೆಯಲ್ಲಿ ಇರುವುದು ಆಮ್ಲಜನಕವೆಂದು ನಾವು ತಿಳಿದಿದ್ದೆವು. ಅಲ್ಲವಂತೆ, ನಾವು ನೀವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಬಾಯಲ್ಲಿ ಕಚ್ಚಿದ ಸಾಧನ ನಾವು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಂತೆ, ಗಾಳಿ ಕೊಡುತ್ತದೆ. ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ಎಂಬಿಬ್ಬರು 1943ರಲ್ಲಿ ಇದನ್ನು ಬಳಕೆಗೆ ತಂದರು. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ದಂಡೆಯಲ್ಲಿದ್ದುದರ ಎರಡರಷ್ಟಾಗುತ್ತದೆ. ಆದ್ದರಿಂದ ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯನ್ನು ಸರಿಮಾಡಿಕೊಳ್ಳುತ್ತಿರಬೇಕು. ಉಸಿರು ಮಾತ್ರ ಎಂದಿಗೂ ಬಿಗಿಹಿಡಿಯಬಾರದು. ಮೇಲೇರುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಇದರ ಮೇಲೆ, ಮುಳುಗಲೆಂದು ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟುತ್ತಾರೆ. ಜನ ತೇಲಲು ಸೋರೆಬುರುಡೆ ಕಟ್ಟಿಕೊಂಡರೆ ನಾವು ಕಾಸು ಕೊಟ್ಟು ಸೀಸ ಕಟ್ಟಿಸಿಕೊಂಡೆವು!

ಕೆಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿಯಿದೆ ಎಂದರ್ಥ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ಭೇಷ್ ಎಂದಲ್ಲ, ಮೇಲೆ ಹೋಗೋಣ ಎಂದು. "ಸಾರ್, ಇದನ್ನು ಮಾತ್ರ ಮರೆಯಬೇಡಿ, ಎಲ್ಲರೂ ಮರೆಯುತ್ತಾರೆ," ಎಂದ. ನಾವು ಹೆಬ್ಬೆರಳೆತ್ತಿ, ಆಗಲಿ ಎಂದೆವು. ಮಗಳು ಹಣೆ ಚಚ್ಚಿಕೊಂಡಳು.

ಊಟಕ್ಕೆ ಮೊದಲೇ ದೋಣಿ ಹವಳದ ಗೋಡೆಯನ್ನು ದಾಟಿ ಹೊರಗಡಲಿಗೆ ಬಂತು. ಮಗಳಿಗೆ ಒಬ್ಬ ಗುರು, ನಮಗೊಬ್ಬ. ಮಗಳು ದೋಣಿಯಂಚಿನಿಂದ ಹಿಮ್ಮುಖವಾಗಿ ಉರುಳಿ ನಗುತ್ತ ಮೇಲೆದ್ದಳು. ನಾವು ಏಣಿ ಹಿಡಿದು, ದೇವರ ಕಟ್ಟೆ ಇಳಿಯುವ ಮುದುಕರಂತೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದೆವು. ತಲೆಯ ಮೇಲೆ ನೀರು ಕೂಡಿಕೊಂಡಿತು.

ಮೂರು ಮೀಟರು, ನಾಲ್ಕು ಮೀಟರು. ಕಿವಿಯಲ್ಲಿ ನಮ್ಮ ಉಸಿರೇ ಕಮ್ಮಾರನ ತಿದಿಯಂತೆ ಕೇಳುತ್ತಿತ್ತು. ಐದಕ್ಕೆ ಬಂದಾಗ ಕಣ್ಣಿನ ಗಾಜಿನೊಳಗೆ ಅಂಚಿನಿಂದ ಸ್ವಲ್ಪ ನೀರು ನುಗ್ಗಿತು. ಎರಡು ಚಮಚದಷ್ಟು ಇದ್ದೀತು. ಮೂಗಿಗೆ ಉಪ್ಪು ತಾಕಿದ್ದೇ ತಡ, ನಾವು ಕಡಮತ್‌ನಲ್ಲಿ ಇರಲಿಲ್ಲ. ವರದೆಯ ಕೆಂಪು ನೀರಿನಲ್ಲಿದ್ದೆವು. ಅಣ್ಣನಿಗೂ ಹೀಗೆಯೇ ಆಗಿರಬೇಕು ಎಂಬ ಒಂದೇ ಮಾತು ತಲೆಯಲ್ಲಿ. ಎದೆ ಬಡಿದುಕೊಂಡಿತು, ಉಸಿರು ಮೇಲುಮೇಲಕ್ಕೆ ಬಂತು, ಬಲಗೈ ತಾನಾಗಿಯೇ ಹೆಬ್ಬೆರಳನ್ನು ಎತ್ತಲು ಹೊರಟಿತು. ಅದೇ ಗಳಿಗೆಯಲ್ಲಿ ಗುರು ನಮ್ಮ ಮುಖದ ಮುಂದೆ ಬಂದು, ತನ್ನ ಎರಡು ಕಣ್ಣುಗಳನ್ನು ತೋರಿಸಿ, ನನ್ನನ್ನೇ ನೋಡು ಎಂದು ಸನ್ನೆಮಾಡಿದ. ಕೈಯನ್ನು ಎದೆಯಿಂದ ಹೊರಕ್ಕೆ ನಿಧಾನವಾಗಿ ಸರಿಸಿ, ಉಸಿರು ಬಿಡು, ಇನ್ನೂ ಬಿಡು ಎಂದ. ಬಿಟ್ಟೆವು. ಬೆಳಗ್ಗೆ ಕಲಿಸಿದಂತೆ ಗಾಜಿನ ಮೇಲಂಚನ್ನು ಒತ್ತಿ ಮೂಗಿನಿಂದ ಊದಿದೆವು, ನೀರು ಹೊರಟುಹೋಯಿತು. ಕಣ್ಣು ತೆರೆದಾಗ ನಮ್ಮ ಕೆಳಗೆ, ಮಗಳು ತನ್ನ ಗುರುವಿನ ಪಕ್ಕದಲ್ಲಿ ತೇಲುತ್ತ, ಬೆರಳಿನ ಉಂಗುರವನ್ನು ನಮಗೆ ತೋರಿಸುತ್ತಿದ್ದಳು. ಆ ಉಂಗುರ ಪ್ರಶ್ನೆಯೂ ಆಗಿತ್ತು, ಧೈರ್ಯವೂ ಆಗಿತ್ತು. ನಾವೂ ಉಂಗುರ ತೋರಿಸಿದೆವು. ಇಳಿದೆವು.

ಹವಳದ ದಿಬ್ಬ ನಿಜವಾಗಿ ಕಂಡದ್ದು ಆಗಲೇ. ಹವಳವೆಂದರೆ ಸರದ ಮಣಿ ಎಂದಷ್ಟೇ ತಿಳಿದವರಿಗೆ ಹೇಳಬೇಕು: ಇದು ಜೀವಿಗಳು ಕಟ್ಟಿದ ಊರು. ಅಕ್ಕಿಕಾಳಿನಷ್ಟು ಚಿಕ್ಕ ಜೀವಿಗಳು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತಮ್ಮ ಸುತ್ತ ಮನೆ ಕಟ್ಟುತ್ತವೆ. ಒಂದು ಸತ್ತರೆ ಅದರ ಮೇಲೆ ಇನ್ನೊಂದು. ಹೀಗೆ ಸಾವಿರಾರು ವರ್ಷ ಕಟ್ಟಿದ್ದರ ಮೇಲೆಯೇ ಆ ದ್ವೀಪ, ಆ ತೆಂಗು, ನಮ್ಮ ಬಲೆ ಹೆಣೆಯುವ ವೃದ್ಧರು ಎಲ್ಲ ನಿಂತಿರುವುದು. ಜಿಂಕೆಯ ಕೊಂಬಿನಂತೆ ಕವಲೊಡೆದವು, ಮಿದುಳಿನಂತೆ ಸುರುಳಿ ಸುತ್ತಿದವು, ಹಾಸುಗಲ್ಲಿನಂತೆ ಚಾಚಿದವು, ಹೀಗೆ ಒಂದೊಂದಕ್ಕೂ ಒಂದೊಂದು ರೂಪ. ಗಿಳಿಮೀನು ಹವಳವನ್ನು ಕಟಕಟ ಕಡಿಯುವುದು ಕಿವಿಗೇ ಕೇಳುತ್ತದೆ. ಅದು ತಿಂದು ಹೊರಹಾಕಿದ ಪುಡಿಯೇ ದಂಡೆಯ ಬಿಳಿಯ ಮರಳಿನ ಒಂದು ಪಾಲು.

ಆದರೆ ಎಲ್ಲವೂ ಚೆಂದವಿಲ್ಲ. ಅನೇಕ ಕಡೆ ಹವಳ ಸತ್ತು, ಪಾಚಿ ಹತ್ತಿದ ಎಲುಬಿನ ರಾಶಿಯಂತೆ ಬಿದ್ದಿತ್ತು. ನೀರು ಹೆಚ್ಚು ಬಿಸಿಯಾದರೆ ಹವಳದ ಜೀವಿ ತನ್ನೊಳಗೆ ಇಟ್ಟುಕೊಂಡು ಸಾಕುವ, ತನಗೆ ಅನ್ನ ಬೇಯಿಸಿಕೊಡುವ ಸೂಕ್ಷ್ಮ ಪಾಚಿಯನ್ನು ಹೊರಗಟ್ಟಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಗಿತ್ತು. 2024ರ ಬೇಸಗೆಯಲ್ಲಿ ಮತ್ತೆ ಆಯಿತು. ಹೋದ ಇಪ್ಪತ್ತೈದು ವರ್ಷಗಳಲ್ಲಿ ಇಲ್ಲಿನ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆಯೆಂದು ಅಳೆದು ನೋಡಿದವರು ಹೇಳುತ್ತಾರೆ.

ದಿಬ್ಬದ ಅಂಚಿನಲ್ಲಿ ಒಂದು ದೊಡ್ಡ ಹವಳದ ಗುಡ್ಡೆ. ಅದರ ಬಳಿ ಗುರು ನಮ್ಮನ್ನು ಮರಳಿನ ಹತ್ತಿರಕ್ಕೆ ಇಳಿಸಿ ನಿಲ್ಲಿಸಿದ. ಮಗಳನ್ನೂ ಪಕ್ಕಕ್ಕೆ ತಂದರು. ಆಳದ ಗಡಿಯಾರ ಒಂಬತ್ತು ಮೀಟರು ತೋರಿಸುತ್ತಿತ್ತು. ಗುರು ನೀಲಿಯ ಕಡೆ ಕೈ ತೋರಿಸಿ, ತನ್ನ ಎರಡು ತೋಳುಗಳನ್ನು ಹದ್ದಿನ ರೆಕ್ಕೆಯಂತೆ ಚಾಚಿ ಆಡಿಸಿದ.

ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀಲಿಯೊಳಗೆ ಒಂದು ಕಡೆ ನೀಲಿ ಕಪ್ಪಾಯಿತು. ಆ ಕಪ್ಪಿಗೆ ಅಂಚು ಬಂತು. ಅಂಚು ಮೇಲೆದ್ದಿತು, ಇಳಿಯಿತು. ಒಬ್ಬರು ಎರಡು ತುದಿ ಹಿಡಿದು ಕಂಬಳಿಯನ್ನು ಕೊಡವಿದರೆ ಹೇಗೆ ಅಲೆ ಓಡುತ್ತದೋ ಹಾಗೆ. ಆದರೆ ಕೊಡವುವವರು ಯಾರೂ ಇಲ್ಲ. ಕರಿಯ ಬೆನ್ನು, ತೋಳುಗಳ ಮೇಲೆ ಬಿಳಿಯ ಪಟ್ಟಿ. ನಮಗೆ ಮೈ ಜುಮ್ಮೆಂದಿತು. ದಂಡೆಯ ಮೇಲೆ ಅಪ್ಪ ಹೊದಿಸಿದ್ದ ಕಂಬಳಿ ಮೂವತ್ತೆರಡು ವರ್ಷದ ಮೇಲೆ ನೀರಿನೊಳಗಿಂದ ಎದ್ದು ನಮ್ಮ ಕಡೆ ಬರುತ್ತಿದೆಯೆಂದು ಒಂದು ಕ್ಷಣ ಕಂಡಿತು. ಹೆದರಬೇಕಾಗಿತ್ತು, ಏಕೋ ಹೆದರಿಕೆಯಾಗಲಿಲ್ಲ.

ಇದೇ ಮಾಂಟಾ. ನಮ್ಮ ಕರಾವಳಿಯವರು ತೊರಕೆ ಎನ್ನುವ, ದ್ವೀಪದವರು ತಿರಂಡಿ ಎನ್ನುವ ಮೀನುಗಳ ಕುಲದ ದೊಡ್ಡಣ್ಣ. ಮಾಂಟಾ ಎಂದರೆ ಸ್ಪೇನಿನ ಭಾಷೆಯಲ್ಲಿ ಕಂಬಳಿಯೆಂದೇ ಅರ್ಥವೆಂಬುದು ನಮಗೆ ತಿಳಿದದ್ದು ಆಮೇಲೆ. ಹವಳದ ದಿಬ್ಬದ ಮಾಂಟಾ, ನಡುಗಡಲಿನ ಮಾಂಟಾ ಬೇರೆಬೇರೆ ಜಾತಿಯೆಂದು 2009ರಲ್ಲಿ ಗುರುತಿಸಿದರು. ನಾವು ನೋಡಿದ್ದು ಮೊದಲನೆಯದು. ರೆಕ್ಕೆಯ ತುದಿಯಿಂದ ತುದಿಗೆ ಮೂರು ಮೀಟರಿಗೆ ಕಡಿಮೆಯಿರಲಿಲ್ಲ. ನಡುಗಡಲಿನದು ಏಳು ಮೀಟರಿನವರೆಗೂ ಬೆಳೆಯುತ್ತದೆ. ತಲೆಯ ಎರಡು ಪಕ್ಕದಲ್ಲಿ ಕೊಂಬಿನಂತೆ ಕಾಣುವ ಎರಡು ಈಜುರೆಕ್ಕೆಗಳಿವೆ; ಆದ್ದರಿಂದಲೇ ಹಿಂದಿನ ನಾವಿಕರು ಇದಕ್ಕೆ ದೆವ್ವದ ಮೀನೆಂದು ಹೆಸರಿಟ್ಟು, ದೋಣಿಯನ್ನೇ ಎಳೆದೊಯ್ಯುತ್ತದೆಂದು ಕಥೆ ಕಟ್ಟಿದರು. ಪಾಪ, ಇದರಂಥ ಸಾಧುಪ್ರಾಣಿ ಇನ್ನೊಂದಿಲ್ಲ. ಬಾಲದಲ್ಲಿ ತೊರಕೆಯ ವಿಷಮುಳ್ಳಿಲ್ಲ, ಕಚ್ಚುವ ಹಲ್ಲಿಲ್ಲ. ಆ ಕೊಂಬುಗಳು ಊಟದ ಹೊತ್ತಿಗೆ ಬಿಚ್ಚಿಕೊಂಡು ನೀರನ್ನು ಬಾಯೊಳಕ್ಕೆ ತಿರುಗಿಸುವ ಮೊರಗಳು. ಆ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳನ್ನು ಕಿವಿರಿನ ಜರಡಿಯಲ್ಲಿ ಸೋಸಿ ತಿನ್ನುವುದೇ ಇದರ ಜೀವನ. ಅಷ್ಟು ದೊಡ್ಡ ದೇಹ, ಅಷ್ಟು ಸಣ್ಣ ತುತ್ತು!

ಅದು ಗುಡ್ಡೆಯ ಮೇಲೆ ಬಂದು ವೇಗ ಇಳಿಸಿತು. ಹವಳದ ಸಂದಿಯಿಂದ ಬೆರಳುದ್ದದ ನೀಲಿ ಗೆರೆಯ ಮೀನುಗಳು ಹೊರಟು ಅದರ ಮೈಗೆ ಮುತ್ತಿದವು. ಅವು ಅಲ್ಲಿನ ಕ್ಷೌರಿಕರು. ಮಾಂಟಾದ ಚರ್ಮಕ್ಕೂ ಕಿವಿರಿಗೂ ಹತ್ತಿದ ಹುಳುಗಳನ್ನು ಆರಿಸಿ ತಿನ್ನುವುದು ಅವುಗಳ ಕಸುಬು. ಮಾಂಟಾಗಳು ಒಂದೇ ಗುಡ್ಡೆಗೆ ಮತ್ತೆಮತ್ತೆ ಬರುತ್ತವಂತೆ, ನಾವು ನಮ್ಮ ಗೊತ್ತಾದ ಅಂಗಡಿಗೆ ಹೋದಂತೆ. ಆದರೆ ಪೂರ್ತಿ ನಿಲ್ಲುವ ಹಾಗಿಲ್ಲ. ಮುಂದಕ್ಕೆ ಸಾಗುತ್ತಿದ್ದರೆ ಮಾತ್ರ ಕಿವಿರಿನಲ್ಲಿ ನೀರು ಹರಿದು ಉಸಿರು. ಆದ್ದರಿಂದ ಹುಟ್ಟಿದಂದಿನಿಂದ ಸಾಯುವತನಕ ಅದು ಈಜುತ್ತಲೇ ಇರಬೇಕು. ಮುಂಬಯಿಯ ನೌಕರರಿಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮ ಗುರು ಮೊದಲೇ ಎಚ್ಚರಿಸಿದ್ದ: ಬೆನ್ನಟ್ಟಬೇಡಿ, ಮುಟ್ಟಬೇಡಿ, ಅದರ ಮೈಮೇಲಿನ ಲೋಳೆಯೇ ಅದಕ್ಕೆ ಕವಚ. ತಗ್ಗಿನಲ್ಲಿ ಸುಮ್ಮನಿದ್ದರೆ ತಾನೇ ಬರುತ್ತದೆ. ಹಾಗೆಯೇ ಆಯಿತು. ಒಂದು ಸುತ್ತು ಹಾಕಿ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಸೂರ್ಯ ಮರೆಯಾದ. ಮೇಲೆ ಬಿಳಿಯ ಹೊಟ್ಟೆ, ಅದರ ತುಂಬ ಕರಿಯ ಮಚ್ಚೆಗಳು. ಒಂದೊಂದು ಮಾಂಟಾಕ್ಕೂ ಈ ಮಚ್ಚೆಯ ಬರಹ ಬೇರೆ. ಆಧಾರ್ ಕಾರ್ಡಿಗೆ ನಮ್ಮ ಹೆಬ್ಬೆರಳಿದ್ದಂತೆ. ಚಿತ್ರ ತೆಗೆದು ಹೋಲಿಸಿ ಶಾಸ್ತ್ರಜ್ಞರು ಒಂದೊಂದನ್ನೂ ವರ್ಷಗಟ್ಟಲೆ ಗುರುತಿಡುತ್ತಾರೆ. ಹಾದುಹೋಗುವಾಗ ಅದರ ಕಣ್ಣು ನಮ್ಮ ಕಡೆ ತಿರುಗಿತು. ಮೀನುಗಳಲ್ಲೆಲ್ಲ ದೊಡ್ಡ ಮಿದುಳುಳ್ಳವುಗಳಲ್ಲಿ ಇದೊಂದು. ಕನ್ನಡಿಯಿಟ್ಟು ಇದನ್ನು ಪರೀಕ್ಷಿಸಿದ ವರದಿಯೊಂದು 2016ರಲ್ಲಿ ಪ್ರಕಟವಾಯಿತು. ಅದು ತನ್ನನ್ನು ತಾನು ಗುರುತಿಸಿತೇ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನಮ್ಮನ್ನಂತೂ ಅದು ನೋಡಿತು. ಕುತೂಹಲದಿಂದ, ಸ್ವಲ್ಪವೂ ಅವಸರವಿಲ್ಲದೆ ನೋಡಿತು. ಪಕ್ಕದಲ್ಲಿ ಮಗಳ ಕೈ ನಮ್ಮ ಕೈಯನ್ನು ಹುಡುಕಿ ಹಿಡಿಯಿತು.

ಆ ಆನಂದದಲ್ಲಿ ನಾವು ಮಾಡಬಾರದ್ದನ್ನು ಮಾಡಿದೆವು. ಭೇಷ್ ಎಂದು ಗುರುವಿಗೆ ಹೇಳಬೇಕೆನಿಸಿ, ಹೆಬ್ಬೆರಳನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದೆವು. ಒಮ್ಮೆ ಹೆದರಿದ್ದವರ ಬೆರಳನ್ನು ಅವನು ಅನುಮಾನಿಸುವಂತಿರಲಿಲ್ಲ. ತೋಳು ಹಿಡಿದು ಮೆಲ್ಲಗೆ ಮೇಲಕ್ಕೆ ಕರೆದೊಯ್ಯತೊಡಗಿದ. ನಾವು ತಲೆಯಾಡಿಸಿದೆವು, ಕೈಬೀಸಿದೆವು. ಹೆದರಿದವರು ಮಾಡುವುದೂ ಅದನ್ನೇ ಅಲ್ಲವೆ! ಕೆಳಗೆ ಆ ಕಂಬಳಿ ಎರಡನೆಯ ಸುತ್ತಿಗೆ ತಿರುಗುತ್ತಿತ್ತು. ಮಗಳು ಕತ್ತೆತ್ತಿ ನೋಡುತ್ತಿದ್ದಳು. ಭಯದಿಂದ ಎತ್ತಹೊರಟ ಬೆರಳು ತಡೆಯಿತು, ಸಂತೋಷದಿಂದ ಎತ್ತಿದ ಬೆರಳು ನಮ್ಮನ್ನು ದೋಣಿಗೆ ಮುಟ್ಟಿಸಿತು. ಮಗಳು ಐದು ನಿಮಿಷ ತಡೆದು ಬಂದಳು. ಬಂದವಳೇ, "ಮೂರು ಸಲ ಬಂತು ಅಪ್ಪ. ನೀವು ಯಾಕೆ ಓಡಿ ಬಂದಿರಿ?" ಎಂದಳು. ನಮ್ಮಾಕೆ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ, ನೆಗಡಿಯೆಂದರು.

ಸಂಜೆ ದಂಡೆಯಲ್ಲಿ ಗುರು ಇನ್ನೂ ಕೆಲವು ಸಂಗತಿ ಹೇಳಿದ. ಹೆಣ್ಣು ಮಾಂಟಾ ಸುಮಾರು ಒಂದು ವರ್ಷ ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮತ್ತೊಂದಕ್ಕೆ ಎರಡು ಮೂರು ವರ್ಷ, ಕೆಲವು ಸಲ ಇನ್ನೂ ಹೆಚ್ಚು ಕಾಯಬೇಕು. ಇಂಥದನ್ನು ಅದರ ಕಿವಿರಿನ ಜರಡಿಗಾಗಿ ಕೊಲ್ಲುತ್ತಾರೆ. ಒಣಗಿಸಿ ಮದ್ದೆಂದು ದೂರದೇಶಗಳಿಗೆ ಮಾರುತ್ತಾರೆ. ಆ ವ್ಯಾಪಾರಕ್ಕೆ ಲಗಾಮು ಹಾಕಲೆಂದು 2013ರಲ್ಲಿ ರಾಷ್ಟ್ರಗಳು ಸೇರಿ ಮಾಂಟಾವನ್ನು ರಕ್ಷಿತ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದವು. ಒಂದೇ ಮರಿಯ ತಾಯಿ ಎಂದಾಗ ನಮಗೆ ಮನೆಯಲ್ಲಿದ್ದ ಅವ್ವನ ನೆನಪಾಯಿತು. ಹೂಂಕಾರದ ಗಂಟು ಮತ್ತೆ ಭಾರವಾಯಿತು.

ಹಿಂತಿರುಗುವ ರೈಲಿನಲ್ಲಿ ಮಗಳು ಕೇಳಿದಳು: "ಅಜ್ಜಿಗೆ ಹೇಳೋದಾ, ಬೇಡವಾ?" ಹೇಳುವುದೆಂದೇ ತೀರ್ಮಾನಿಸಿದೆವು. ಹನ್ನೊಂದರ ಮಗುವಿಗೆ ಸುಳ್ಳು ಹೇಳಲು ಕಲಿಸುವುದಕ್ಕಿಂತ ಅವ್ವನ ಬೈಗುಳ ಲೇಸು.

ಮನೆ ಸೇರಿ, ಊಟವಾದಮೇಲೆ ಹೇಳಿದೆವು. ಅವ್ವ ಬೈಯಲಿಲ್ಲ. ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಒರಗಿ ಕುಳಿತರು. ಬಹಳ ಹೊತ್ತಿನ ಮೇಲೆ, "ಕಂಬಳಿ ಹಂಗಿತ್ತು ಅಂದಿ?" ಎಂದರು.

"ಹೌದವ್ವಾ. ಕರೀ ಕಂಬಳಿ. ಬಿಳೀ ಪಟ್ಟಿ."

"ಯಾರಿಗೂ ಏನೂ ಮಾಡೂದಿಲ್ಲೇನು ಅದು?"

"ಏನೂ ಮಾಡೂದಿಲ್ಲ. ಬಂದು ನೋಡಿಕ್ಯಾಸ ಹೋತು."

ಅವ್ವ ಮೊಮ್ಮಗಳನ್ನು ಹತ್ತಿರ ಕರೆದು, ಅದು ಹೇಗೆ ಬಂತು, ಹೇಗೆ ಹೋಯಿತು ಎಂದು ಮೊದಲಿನಿಂದ ಹೇಳಿಸಿಕೊಂಡರು. ಮಗಳು ಹೊದಿಕೆಯ ಎರಡು ತುದಿ ಹಿಡಿದು ಅಲೆ ಎಬ್ಬಿಸಿ ತೋರಿಸಿದಳು. ಒಮ್ಮೆ ತೋರಿಸಿದ್ದು ಸಾಲದೆ ಮತ್ತೊಮ್ಮೆ ತೋರಿಸೆಂದರು. ಮಲಗುವ ಮುನ್ನ ದೀಪ ಆರಿಸಲು ಹೋದಾಗ ಕತ್ತಲಿನಲ್ಲಿ ಅವರ ಮಾತು ಕೇಳಿಸಿತು: "ಯುಗಾದಿಗೆ ಊರಿಗೆ ಹೋಗ್ತೀವಲ್ಲ, ಆವಾಗ ಸುತ್ತಿನ ಹಾದಿ ಬ್ಯಾಡ. ಹೊಳೀ ಹಾದೀಲೆ ಹೋಗೂಣು."

ನಾವು ಹೂಂ ಎಂದೆವು.